ಗೇಮ್ ಆಡುವಾಗ ಪಿಸಿ ಆಫ್: ಡ್ರೈವರ್‌ನಿಂದ ಎಸ್‌ಎಂಪಿಎಸ್‌ವರೆಗೆ ನಾನು ಪಟ್ಟ ಪಾಡು

ಕೊನೆಗೂ ನನ್ನ ಪಿಸಿ ಒಂದು ದಾರಿಗೆ ಬಂದಿದೆ. ಭಾರಿ ಗೇಮ್ ಹಾಕಿ ಸಂಜೆಯಿಡೀ ಆಡಿದರೂ ಈಗ ಆಫ್ ಆಗುತ್ತಿಲ್ಲ. ಇಷ್ಟಕ್ಕೆ ತಿಂಗಳುಗಟ್ಟಲೆ ಒದ್ದಾಡಿದ್ದೇನೆ. ಕೇಳಿದವರೆಲ್ಲ ಹೇಳಿದ್ದು ಅದೇ ಮಾತು: ಡ್ರೈವರ್ ಅಪ್‌ಡೇಟ್ ಮಾಡು, ಗೇಮ್ ಫೈಲ್ ವೆರಿಫೈ ಮಾಡು, ವಿಂಡೋಸ್ ಫಾರ್ಮ್ಯಾಟ್ ಹೊಡಿ. ಎಲ್ಲ ಮಾಡಿದೆ, ಯಾವುದೂ ಕೆಲಸಕ್ಕೆ ಬರಲಿಲ್ಲ. ನಿಮ್ಮ ಪಿಸಿಯೂ ಹೀಗೇ ಕೈಕೊಡುತ್ತಿದ್ದರೆ, ಏನನ್ನಾದರೂ ಬಿಚ್ಚುವ ಮುಂಚೆ, ಹೊಸದು ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ. ಸ್ವಲ್ಪ ಉದ್ದ ಇದೆ, ಕ್ಷಮಿಸಿ.

ಶುರುವಾಗಿದ್ದು ಹಳೆ ಪಿಸಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ. ಕಾರ್ಡ್ 320 ವ್ಯಾಟ್‌ನದ್ದು. ಕನಿಷ್ಠ 750 ವ್ಯಾಟ್ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಪಿಸಿಯ ಭಾಗಗಳಿಗೆ ಬೇಕಾದ ಹಾಗೆ ಬದಲಾಯಿಸಿ ಕೊಡುವ ಡಬ್ಬ) ಬೇಕು ಅಂತ ಕಾರ್ಡ್‌ನ ಡಬ್ಬದ ಮೇಲೆ ಬರೆದಿತ್ತು. ನನ್ನ ಹತ್ತಿರ ಇದ್ದದ್ದು ಸರಿಯಾಗಿ 750. ಹಾಗಾಗಿ ಆ ಕಡೆ ಯೋಚನೆಯೇ ಹೋಗಲಿಲ್ಲ. ಬ್ರೌಸರ್, ವಿಡಿಯೊ ಎಡಿಟಿಂಗ್, ಹಳೆ ಗೇಮ್‌ಗಳು ಎಲ್ಲ ಚೆನ್ನಾಗೇ ನಡೆಯುತ್ತಿದ್ದವು. ಆದರೆ ದೊಡ್ಡ ಓಪನ್ ವರ್ಲ್ಡ್ ಗೇಮ್ ಹಾಕಿ, ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದಂತೆ ತೋರಿಸುವ ಸೆಟ್ಟಿಂಗ್) ಆನ್ ಮಾಡಿದರೆ ಸಾಕು, ಯಾವಾಗ ಹೋಗುತ್ತದೋ ಗೊತ್ತಿಲ್ಲ. ಕೆಲವೊಮ್ಮೆ ಹತ್ತು ನಿಮಿಷಕ್ಕೇ, ಕೆಲವೊಮ್ಮೆ ಎರಡು ಗಂಟೆ ಆದಮೇಲೆ. ಕ್ಯಾಬಿನೆಟ್ ಒಳಗಿಂದ 'ಟಕ್' ಅಂತ ಒಂದು ಸದ್ದು. ಪರದೆ ಕಪ್ಪು. ಫ್ಯಾನ್‌ಗಳು ನಿಧಾನಕ್ಕೆ ನಿಲ್ಲುವುದು ಕೇಳಿಸುತ್ತಿತ್ತು. ಒಂದೆರಡು ಸೆಕೆಂಡ್ ಬಿಟ್ಟು ಏನೂ ಆಗದವರ ಹಾಗೆ ತಾನೇ ಬೂಟ್ ಆಗುತ್ತಿತ್ತು. ನೀಲಿ ಪರದೆ ಇಲ್ಲ, ಎರರ್ ಮೆಸೇಜ್ ಇಲ್ಲ.

ಇದರ ಜೊತೆಗೆ ಇನ್ನೊಂದು ಕಾಟ. ಆಗಾಗ ಪಿಸಿ ಆಫ್ ಆಗದೆ ಗೇಮ್ ಮಾತ್ರ ಮುಚ್ಚಿಕೊಂಡು ನೇರ ಡೆಸ್ಕ್‌ಟಾಪ್‌ಗೆ ಬಂದು ನಿಲ್ಲುತ್ತಿತ್ತು. ಗೇಮ್ ಅದೇ, ಕಾರ್ಡ್ ಅದೇ, ಎರಡೂ ಒಂದೇ ರೋಗ ಅನಿಸುವುದು ಸಹಜ ಅಲ್ವಾ? ನಿಜವಾಗಿ ಅವು ಎರಡು ಬೇರೆ ಬೇರೆ ರೋಗ, ಎರಡು ಬೇರೆ ಬೇರೆ ಭಾಗಗಳಲ್ಲಿ. ನನ್ನ ತಿಂಗಳುಗಳನ್ನು ತಿಂದದ್ದು ಇದೇ. ಒಂದಕ್ಕೆ ಮದ್ದು ಕೊಟ್ಟಾಗ ಇನ್ನೊಂದು ಎದ್ದು ಕೂರುತ್ತಿತ್ತು, 'ಮದ್ದು ತಾಗಲಿಲ್ಲ' ಅಂತ ಅದನ್ನು ಬಿಟ್ಟು ಮುಂದೆ ಹೋಗುವ ಹಾಗಾಗುತ್ತಿತ್ತು.

ಅದಕ್ಕೇ ಮೊದಲು ಇದನ್ನೇ ಹೇಳಿಬಿಡುತ್ತೇನೆ. ಕ್ರ್ಯಾಶ್ ಅಂದರೆ ಎಲ್ಲ ಒಂದೇ ಅಲ್ಲ. ಗೇಮ್ ಮಾತ್ರ ಮುಚ್ಚಿತಾ? ಪರದೆ ಒಂದು ಕ್ಷಣ ಕಪ್ಪಾಗಿ ವಾಪಸ್ ಬಂತಾ? ಚಿತ್ರ ನಿಂತುಹೋಗಿ, ಸೌಂಡ್ ಅದೇ ತುಣುಕನ್ನು ಗರಗರ ಅಂತ ತಿರುತಿರುಗಿ ಹೇಳಿತಾ? ವಿಂಡೋಸ್ ಕೈಚೆಲ್ಲಿದಾಗ ತೋರಿಸುವ ನೀಲಿ ಪರದೆ (ಹೊಸ ವಿಂಡೋಸ್ 11ರಲ್ಲಿ ಅದು ಕಪ್ಪು) ಬಂತಾ? ಇಲ್ಲಾ ಕರೆಂಟ್ ಕಿತ್ತ ಹಾಗೆ ಪೂರ್ತಿ ಆಫ್ ಆಯ್ತಾ? ಪ್ರತಿಯೊಂದೂ ಬೇರೆ ಕಡೆ ಬೆರಳು ತೋರಿಸುತ್ತದೆ. ಒಂದು ಹಾಳೆ ತಗೊಂಡು ದಿನಾಂಕ, ಹೊತ್ತು, ಯಾವ ಗೇಮ್, ಹೇಗೆ ಹೋಯಿತು ಅಂತ ಬರೆದಿಡಿ. ಮುಂದೆ ವಾರಂಟಿಯವರು ಕೇಳುವುದೂ ಇದನ್ನೇ.

ನಾನು ಮೊದಲು ನೋಡಿದ್ದು ಈವೆಂಟ್ ವ್ಯೂವರ್, ಪಿಸಿಯಲ್ಲಿ ಏನೇನಾಯ್ತು ಅಂತ ವಿಂಡೋಸ್ ಬರೆದಿಟ್ಟದ್ದನ್ನು ತೋರಿಸುವ ಪ್ರೋಗ್ರಾಂ. ಅದರಲ್ಲಿ ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ಅಂತ ಇರುತ್ತದೆ. ಪಿಸಿ ಆಫ್ ಆದ ಪ್ರತಿ ಸಲವೂ ಅಲ್ಲಿ ಕೆಂಪು ಗುರುತಿನ ಒಂದು ಸಾಲು: ಕರ್ನಲ್-ಪವರ್, 41. ಹೆಸರಲ್ಲಿ ಪವರ್ ಇದೆ ಅಂತ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಹಾರಬೇಡಿ. ಈ 41ರ ಅರ್ಥ ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ಈಗ ಮತ್ತೆ ಶುರುವಾಗಿದೆ. ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ, ಕರೆಂಟ್ ಹೋದರೂ ಇದೇ 41 ಬರುತ್ತದೆ. ಇದು ಕಾರಣ ಹೇಳುವುದಿಲ್ಲ, ಆದದ್ದನ್ನು ಮಾತ್ರ ಹೇಳುತ್ತದೆ.

ಆದರೆ ಆ ಸಾಲನ್ನು ತೆರೆದು ಡೀಟೇಲ್ಸ್‌ಗೆ ಹೋದರೆ ಬಗ್‌ಚೆಕ್ ಕೋಡ್ ಅಂತ ಒಂದು ಸಂಖ್ಯೆ ಇರುತ್ತದೆ. ನೀಲಿ ಪರದೆ ಬಂದು ಹೋಗಿದ್ದರೆ ಸಾಮಾನ್ಯವಾಗಿ ಅಲ್ಲಿ ಅದರ ಕೋಡ್ ಇರುತ್ತದೆ. ನನ್ನದರಲ್ಲಿ ಪ್ರತಿ ಸಲ 0. ಅಂದರೆ ಏನಾಯ್ತು ಅಂತ ಬರೆದಿಡಲೂ ವಿಂಡೋಸ್‌ಗೆ ಪುರುಸೊತ್ತು ಸಿಕ್ಕಿಲ್ಲ. ನೀಲಿ ಪರದೆ ಬಂದಾಗ ಉಳಿಯುವ ಫೈಲ್‌ಗಳು ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್‌ನಲ್ಲಿ ಇರುತ್ತವೆ. ಅದೂ ಖಾಲಿ. ನೀಲಿ ಪರದೆ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಿದೆಯೇನೋ ಅಂತ ಅನುಮಾನ ಇದ್ದರೆ, ಸಿಸ್ಟಮ್ ಪ್ರಾಪರ್ಟೀಸ್‌ನ ಸ್ಟಾರ್ಟಪ್ ಆ್ಯಂಡ್ ರಿಕವರಿಯಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆಯಿರಿ. ಆಗ ಪರದೆ ಅಲ್ಲೇ ನಿಲ್ಲುತ್ತದೆ, ಫೋಟೊ ತೆಗೆಯಬಹುದು. ನಾನೂ ತೆಗೆದೆ. ಆಮೇಲೂ ಅದೇ 'ಟಕ್', ಅದೇ ಕಪ್ಪು.

ಈವೆಂಟ್ ವ್ಯೂವರ್ ಕಂಡರೆ ತಲೆ ತಿರುಗುತ್ತದೆ ಅನ್ನುವವರು ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಹಿಸ್ಟರಿ ಅಂತ ಹುಡುಕಿ. ಯಾವ ದಿನ ಏನು ಕೆಟ್ಟಿತು ಅಂತ ಕ್ಯಾಲೆಂಡರ್ ಥರ ತೋರಿಸುತ್ತದೆ. ಯಾಕೋ ಇದರ ಬಗ್ಗೆ ಯಾರೂ ಹೇಳುವುದೇ ಇಲ್ಲ.

ಲಾಗ್‌ನಲ್ಲಿ ಏನೂ ಸಿಗದಿದ್ದ ಮೇಲೆ ಎಲ್ಲರ ಹಾಗೆ ಡ್ರೈವರ್ ಕಡೆ ಹೋದೆ. ಡಿಡಿಯು ಅಂತ ಒಂದು ಉಚಿತ ಪ್ರೋಗ್ರಾಂ ಇದೆ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್. ಹೊಸ ಡ್ರೈವರ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು, ಇಂಟರ್‌ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಇದನ್ನು ಓಡಿಸಬೇಕು. ಇಂಟರ್‌ನೆಟ್ ಯಾಕೆ ಕೀಳಬೇಕು ಅಂದರೆ, ಹಳೆಯದನ್ನು ಅಳಿಸಿದ ತಕ್ಷಣ ವಿಂಡೋಸ್ ಅಪ್‌ಡೇಟ್ ತನಗೆ ಸಿಕ್ಕ ಯಾವುದೋ ಡ್ರೈವರನ್ನು ಸದ್ದಿಲ್ಲದೆ ಹಾಕಿಬಿಡುತ್ತದೆ. ಸೇಫ್ ಮೋಡ್‌ಗೆ ಹೋಗುವಾಗ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ರಿಕವರಿ ಕೀ ಕೇಳಬಹುದು, ಅದನ್ನು ಮುಂಚೆಯೇ ಬರೆದಿಟ್ಟುಕೊಳ್ಳಿ. ಇದಾದ ಮೇಲೆ ನಾಲ್ಕು ದಿನ ಶಾಂತವಾಗಿತ್ತು, ಆಮೇಲೆ ಮತ್ತೆ ಅದೇ ಹಾಡು.

ಆಮೇಲೆ ತಿಳಿದದ್ದು: ಡ್ರೈವರ್ ತೊಂದರೆಗೆ ಅದರದ್ದೇ ಚಹರೆ ಇದೆ. ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಡ್ರೈವರನ್ನು ರೀಸೆಟ್ ಮಾಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ವಾಪಸ್ ಬರುತ್ತದೆ, ಗೇಮ್ ಸಾಮಾನ್ಯವಾಗಿ ಸಾಯುತ್ತದೆ, ಲಾಗ್‌ನಲ್ಲಿ ಡಿಸ್‌ಪ್ಲೇ 4101 ಅಂತ ಬೀಳುತ್ತದೆ. ನನಗೆ ಒಂದು ಸಲವೂ ಅದು ಬಂದಿರಲಿಲ್ಲ. ನಿಮಗೆ ಬರುತ್ತಿದ್ದರೆ ಆಗ ಡ್ರೈವರ್, ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು), ಕಾರ್ಡ್ ಇವುಗಳ ಹಿಂದೆ ಬೀಳುವುದು ಸರಿ.

ಮುಂದಿನ ಅನುಮಾನ ಬಿಸಿಯ ಮೇಲೆ. ಮನೆಗೆ ಬಂದವರೆಲ್ಲ ಕ್ಯಾಬಿನೆಟ್ ಮೇಲೆ ಕೈ ಇಟ್ಟು "ತುಂಬ ಬಿಸಿ ಇದೆಯಲ್ಲೋ" ಅನ್ನುವವರೇ. ಪಕ್ಕದ ಗಾಜು ತೆಗೆದೆ, ಧೂಳು ಹೊಡೆದೆ, ಪ್ರೊಸೆಸರ್‌ನ ಥರ್ಮಲ್ ಪೇಸ್ಟ್ ಬದಲಾಯಿಸಿದೆ. ಕೈ ಇಟ್ಟು ನೋಡುವುದಕ್ಕಿಂತ ಎಚ್‌ಡಬ್ಲ್ಯುಇನ್ಫೊ ಅನ್ನುವ ಪ್ರೋಗ್ರಾಂ ಹಾಕಿ ನೋಡುವುದು ಒಳ್ಳೆಯದು. ಅದು ಎಲ್ಲ ಸೆನ್ಸರ್‌ಗಳ ಲೆಕ್ಕವನ್ನು ಒಂದು ಫೈಲಿಗೆ ಬರೆಯುತ್ತಾ ಹೋಗುತ್ತದೆ. ಪಿಸಿ ಆಫ್ ಆದ ಮೇಲೆ ಆ ಫೈಲಿನ ಕೊನೆ ಸಾಲು ನೋಡಿದರೆ ಸಾಯುವ ಮುಂಚೆ ಏನಿತ್ತು ಅಂತ ಸಿಗುತ್ತದೆ. ನನ್ನದರ ಕೊನೆ ಸಾಲು: ಕಾರ್ಡ್ 71 ಡಿಗ್ರಿ, ಅದರ ಅತಿ ಬಿಸಿ ಜಾಗ (ಹಾಟ್‌ಸ್ಪಾಟ್) 84, ಪ್ರೊಸೆಸರ್ 68, ಕಾರ್ಡ್ ಎಳೆಯುತ್ತಿದ್ದ ಪವರ್ 309 ವ್ಯಾಟ್. ಎಲ್ಲ ಸಭ್ಯ ಅಂಕಿಗಳು. ಅದರ ಕೆಳಗೆ ಏನೂ ಇಲ್ಲ.

ಬಿಸಿ ಜಾಸ್ತಿಯಾದರೆ ಮೊದಲು ಆಗುವುದು ಆಫ್ ಅಲ್ಲ, ನಿಧಾನ. ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಹತ್ತಿರ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ, ಗ್ರಾಫಿಕ್ಸ್ ಕಾರ್ಡ್‌ಗಳೂ ಹಾಗೇ. ಗೇಮ್ ತಡವರಿಸುತ್ತದೆ, ಫ್ರೇಮ್ ಬೀಳುತ್ತದೆ. ನನ್ನದು ಕೊನೆ ಕ್ಷಣದವರೆಗೂ ನುಣುಪಾಗಿ ಓಡಿ ಸಾಯುತ್ತಿತ್ತು. ಈ ವ್ಯತ್ಯಾಸ ದೊಡ್ಡದು.

ಅಷ್ಟಾಗಿಯೂ ಪಿಸಿ ಜೋಡಿಸಿಕೊಟ್ಟವರಿಗೆ ಫೋನ್ ಮಾಡಿದರೆ "ಸರ್, ವಿಂಡೋಸ್ ಕರಪ್ಟ್ ಆಗಿರುತ್ತೆ, ಒಂದ್ಸಲ ಫಾರ್ಮ್ಯಾಟ್ ಮಾಡಿ ನೋಡಿ" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೇರೆ ದಾರಿ ಕಾಣದೆ ಅದನ್ನೂ ಮಾಡಿದೆ. ವಿಂಡೋಸ್ ಹಾಕುವುದೇನೂ ದೊಡ್ಡದಲ್ಲ. ನೂರು ಜಿಬಿ ಮೀರಿದ ಗೇಮ್‌ಗಳನ್ನು ಮತ್ತೆ ಇಳಿಸುವುದಿದೆಯಲ್ಲ, ಅದು ಶಿಕ್ಷೆ. ರಾತ್ರಿಯೆಲ್ಲ ಡೌನ್‌ಲೋಡ್‌ಗೆ ಬಿಟ್ಟು, ಬೆಳಿಗ್ಗೆ ಎದ್ದು ಎಷ್ಟು ಪರ್ಸೆಂಟ್ ಅಂತ ನೋಡುವುದು. ಡೇಟಾ ಪ್ಯಾಕ್ ಬೇರೆ ಖಾಲಿ. ಎಲ್ಲ ಮುಗಿಸಿ ಗೇಮ್ ತೆರೆದು, ಮೊದಲ ಊರು ದಾಟಿ ಕಾಡಿಗೆ ಕಾಲಿಡುತ್ತಿದ್ದಂತೆ 'ಟಕ್'.

ಅವತ್ತು ಮಾತ್ರ ನಿಜಕ್ಕೂ ಬೇಜಾರಾಯಿತು. ಆಟ ಆಡುವ ಖುಷಿ ಎಂದೋ ಹೋಗಿತ್ತು. ಗೇಮ್ ತೆರೆದರೆ ಕಥೆ ಕಡೆ ಗಮನವೇ ಇಲ್ಲ, ಕಿವಿಯೆಲ್ಲ ಕ್ಯಾಬಿನೆಟ್ ಕಡೆ. ಅಮ್ಮ ಬಾಗಿಲಲ್ಲಿ ನಿಂತು, "ಆ ಡಬ್ಬ ಬೇಡ ಬೇಡ ಅಂತಿದೆ, ನೀನ್ಯಾಕೆ ಬಲವಂತ ಮಾಡ್ತೀಯ" ಅಂದರು. ನಗು ಬಂತು, ಉತ್ತರ ಬರಲಿಲ್ಲ.

ಫಾರ್ಮ್ಯಾಟ್ ಕೈಕೊಟ್ಟಿದ್ದರಿಂದ ಒಂದು ಉಪಕಾರವಂತೂ ಆಯಿತು. ಸಾಫ್ಟ್‌ವೇರ್ ಅನ್ನುವ ಮಾತೇ ಮುಗಿಯಿತು. ಇನ್ನು ಉಳಿದದ್ದು ಹಾರ್ಡ್‌ವೇರ್. ಮೊದಲು ಬಯಾಸ್ (ವಿಂಡೋಸ್‌ಗೂ ಮುಂಚೆ ಎದ್ದು ಹಾರ್ಡ್‌ವೇರ್ ಸಿದ್ಧಮಾಡುವ, ಮದರ್‌ಬೋರ್ಡ್‌ನ ಪ್ರೋಗ್ರಾಂ) ಅಪ್‌ಡೇಟ್ ಮಾಡಿದೆ, ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಓಡಲು ಬಿಟ್ಟೆ. ಉಚಿತ ಆವೃತ್ತಿಯಲ್ಲಿ 4 ಸುತ್ತು ಓಡಿಸಬಹುದು. 32 ಜಿಬಿ ರ‍್ಯಾಮ್‌ಗೆ ಅದು ಗಂಟೆಗಟ್ಟಲೆ ಹಿಡಿಯುತ್ತದೆ, ಹಗಲಲ್ಲಿ ಕೂತು ನೋಡುವ ಕೆಲಸ ಅಲ್ಲ. ಬೆಳಿಗ್ಗೆ ಹಸಿರು ಅಕ್ಷರದಲ್ಲಿ ಪಾಸ್. ರ‍್ಯಾಮ್ ಸರಿ ಇದೆ ಅಂತ ಹಾಳೆಯಲ್ಲಿ ಬರೆದುಕೊಂಡೆ. ಈ ಸಾಲನ್ನು ನೆನಪಿಡಿ, ಮುಂದೆ ಇದೇ ತಿರುಗಿಬೀಳುತ್ತದೆ.

ತಿರುವು ಸಿಕ್ಕಿದ್ದು ಒಂದು ಭಾನುವಾರ. ಅವತ್ತು ಪಿಸಿ ಆಫ್ ಆದದ್ದು ತಾನಾಗಿ ಏಳಲೇ ಇಲ್ಲ. ಪವರ್ ಬಟನ್ ಒತ್ತಿದರೂ ಉಸಿರಿಲ್ಲ. ಹಿಂದೆ ಕೈ ಹಾಕಿ ಎಸ್‌ಎಂಪಿಎಸ್‌ನ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದ ಮೇಲೆ ಎದ್ದಿತು. ಚಿಕ್ಕಪ್ಪನ ಮಗ ಪಿಸಿ ಜೋಡಿಸುವುದರಲ್ಲಿ ಪಳಗಿದವನು, ಅವನಿಗೆ ಹೇಳಿದೆ. "ಅಣ್ಣಾ, ಇದನ್ನು ಮೊದಲೇ ಹೇಳ್ಬಾರದಾ? ಹಿಂದಿನ ಸ್ವಿಚ್ ಮುಟ್ಟದೆ ಏಳಲ್ಲ ಅಂದ್ರೆ ಎಸ್‌ಎಂಪಿಎಸ್ ತಾನೇ ಬಾಗಿಲು ಹಾಕಿಕೊಂಡಿದೆ ಅಂತ" ಅಂದ. ಎಸ್‌ಎಂಪಿಎಸ್ ಒಳಗೆ ರಕ್ಷಣೆಗೆ ಅಂತ ಸರ್ಕ್ಯೂಟ್‌ಗಳಿರುತ್ತವೆ. ಮಿತಿ ಮೀರಿ ಕರೆಂಟ್ ಎಳೆದರೆ ಅವು ಎಲ್ಲವನ್ನೂ ಕಡಿದುಬಿಡುತ್ತವೆ. ಕೆಲವೊಮ್ಮೆ ಕರೆಂಟ್ ಪೂರ್ತಿ ತೆಗೆದು ಕೊಟ್ಟ ಮೇಲೇ ಮತ್ತೆ ಬಿಡುವುದು.

"309 ವ್ಯಾಟ್ ಇದ್ದಾಗಲೇ ಹೋಯಿತಲ್ಲೋ, ಇದು 750 ಅಲ್ವಾ" ಅಂತ ಕೇಳಿದೆ. ಅವನು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ನಮಗೆ ಕಾಣುವ ವ್ಯಾಟ್ ಸರಾಸರಿ. ಎಚ್‌ಡಬ್ಲ್ಯುಇನ್ಫೊ ಓದುವುದು ಸೆಕೆಂಡಿಗೋ ಎರಡು ಸೆಕೆಂಡಿಗೋ ಒಂದು ಸಲ. ದೊಡ್ಡ ಕಾರ್ಡ್‌ಗಳು ಮಿಲಿಸೆಕೆಂಡ್ ಲೆಕ್ಕದಲ್ಲಿ, ಅದಕ್ಕೂ ಕಡಿಮೆ ಹೊತ್ತಲ್ಲಿ, ತಮ್ಮ ಹೆಸರಿನ ವ್ಯಾಟ್‌ಗಿಂತ ಎಷ್ಟೋ ಜಾಸ್ತಿ ಎಳೆದು ಮತ್ತೆ ಇಳಿಯುತ್ತವೆ. ಈ ಏಟನ್ನು ಯಾವ ಸಾಫ್ಟ್‌ವೇರೂ ತೋರಿಸುವುದಿಲ್ಲ, ಎಸ್‌ಎಂಪಿಎಸ್‌ಗೆ ಮಾತ್ರ ಗೊತ್ತಾಗುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಇದಕ್ಕೇ ಒಂದು ಲೆಕ್ಕ ಇಟ್ಟಿತು: 100 ಮೈಕ್ರೊಸೆಕೆಂಡ್‌ನಷ್ಟು ಹೊತ್ತು, ಹೆಸರಿಗಿರುವ ವ್ಯಾಟ್‌ನ ಎರಡರಷ್ಟು ಏಟು ಬಿದ್ದರೂ ಎಸ್‌ಎಂಪಿಎಸ್ ತಡೆದುಕೊಳ್ಳಬೇಕು. ನನ್ನದು ಅದಕ್ಕಿಂತ ಹಳೆಯದು.

ಇದು ನಿಜವಾ ಅಂತ ನೋಡಲು ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದೇ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಉಚಿತ ಪ್ರೋಗ್ರಾಂ ಯಾವ ಕಂಪನಿಯ ಕಾರ್ಡ್ ಇದ್ದರೂ ನಡೆಯುತ್ತದೆ. ಅದರಲ್ಲಿ ಪವರ್ ಲಿಮಿಟ್ ಅಂತ ಒಂದು ಪಟ್ಟಿ ಇದೆ. ಅದನ್ನು 70 ಪರ್ಸೆಂಟ್‌ಗೆ ಇಳಿಸಿ. ಜೊತೆಗೆ ಫ್ರೇಮ್ ರೇಟನ್ನು 60ಕ್ಕೆ ಕಟ್ಟಿಹಾಕಿ. ಅದೇ ಗೇಮ್, ಅದೇ ಜಾಗ ಆಡಿ. ಆಫ್ ಆಗುವುದು ನಿಂತರೆ ಪವರ್ ಕಡೆಯೇ ಗಂಟು ಇದೆ ಅಂತ ಬಲವಾದ ಸುಳಿವು. ನನಗೆ ವಾರಪೂರ್ತಿ ಒಂದು 'ಟಕ್' ಇಲ್ಲ. 100ಕ್ಕೆ ಏರಿಸಿದ ಸಂಜೆಯೇ ಮತ್ತೆ ಬಂತು. ಗೇಮ್ ಮುಚ್ಚಿಕೊಳ್ಳುವ ಆ ಇನ್ನೊಂದು ಕಾಟವೂ ಬಯಾಸ್ ಅಪ್‌ಡೇಟ್ ಆದಾಗಿನಿಂದ ಕಾಣಿಸಿರಲಿಲ್ಲ, ಆದರೆ ಆಗ ಅದು ತಲೆಗೆ ಹೊಳೆಯಲಿಲ್ಲ.

ಇಲ್ಲಿ ಒಂದು ತಮಾಷೆ. ಕಾರ್ಡ್ ಮೇಲೆ ಭಾರ ಹಾಕುವ ಫರ್‌ಮಾರ್ಕ್ ಅನ್ನುವ ಪ್ರೋಗ್ರಾಂ ಹಾಕಿ ಅರ್ಧ ಗಂಟೆ ಕಾರ್ಡ್ ಕಾಯಿಸಿದರೂ ಪಿಸಿ ಆಫ್ ಆಗಲಿಲ್ಲ. ಅದರ ಮೇಲೆ ಕೆಲವರು "ನಿನ್ನ ಎಸ್‌ಎಂಪಿಎಸ್ ಗಟ್ಟಿ ಇದೆ ಬಿಡು" ಅಂದರು. ಫರ್‌ಮಾರ್ಕ್ ಕೊಡುವುದು ಒಂದೇ ಸಮನಾದ ಭಾರ. ಗೇಮ್‌ನಲ್ಲಿ ಭಾರ ಏರುತ್ತದೆ, ಇಳಿಯುತ್ತದೆ, ಲೋಡಿಂಗ್ ಪರದೆಯಿಂದ ದಿಢೀರ್ ಅಂತ ದೊಡ್ಡ ದೃಶ್ಯಕ್ಕೆ ಹಾರುತ್ತದೆ. ನನ್ನ ಹಾಳೆ ತೆಗೆದು ನೋಡಿದರೆ ಎಷ್ಟೋ ಸಲ ಆಫ್ ಆದದ್ದು ಮ್ಯಾಪ್ ಮುಚ್ಚಿ ಆಟಕ್ಕೆ ವಾಪಸ್ ಬಂದ ಆ ಕ್ಷಣದಲ್ಲೇ. ಒಸಿಸಿಟಿ ಅನ್ನುವ ಇನ್ನೊಂದು ಪ್ರೋಗ್ರಾಂನಲ್ಲಿ ಪ್ರೊಸೆಸರ್, ಕಾರ್ಡ್ ಎರಡಕ್ಕೂ ಒಟ್ಟಿಗೆ ಭಾರ ಹಾಕುವ ಪವರ್ ಟೆಸ್ಟ್ ಇದೆ. ಅದಕ್ಕೆ ನನ್ನ ಪಿಸಿ ಕೆಲವೇ ನಿಮಿಷದಲ್ಲಿ ಮಲಗಿತು. ಇದನ್ನು ಓಡಿಸುವಾಗ ಬೇರೆ ಯಾವ ಕೆಲಸವೂ ತೆರೆದಿರಬಾರದು, ಸೇವ್ ಆಗದ ಫೈಲ್ ಹೋದರೆ ಹೋಯಿತು.

ಎಸ್‌ಎಂಪಿಎಸ್ ಬದಲಾಯಿಸುವ ಮುಂಚೆ ಅದರ ಸುತ್ತ ಇರುವುದನ್ನು ನೋಡಬೇಕು. ಮೊದಲು ಕೇಬಲ್. ನನ್ನ ಕಾರ್ಡ್‌ಗೆ 8 ಪಿನ್ನಿನ ಎರಡು ಕನೆಕ್ಟರ್ ಬೇಕು. ಜೋಡಿಸಿದವರು ಒಂದೇ ಕೇಬಲ್ ಎಳೆದು, ಅದರ ತುದಿಯ ಎರಡು ತಲೆಗಳನ್ನೂ ಕಾರ್ಡ್‌ಗೆ ಚುಚ್ಚಿದ್ದರು. ನೋಡಲು ಅಚ್ಚುಕಟ್ಟು. ಆದರೆ 8 ಪಿನ್ನಿನ ಒಂದು ಕನೆಕ್ಟರ್‌ಗೆ ನಿಯಮದ ಪ್ರಕಾರ 150 ವ್ಯಾಟ್, ಮದರ್‌ಬೋರ್ಡ್ ಸ್ಲಾಟ್‌ನಿಂದ 75. ಭಾರಿ ಕಾರ್ಡ್‌ನ ಅಷ್ಟೂ ಭಾರ ಒಂದೇ ಕೇಬಲ್ ಮೇಲೆ ಬೀಳುವುದು ಒಳ್ಳೆಯದಲ್ಲ. ಎರಡು ಬೇರೆ ಕೇಬಲ್ ಎಳೆದೆ. ಆಫ್ ಆಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಕನೆಕ್ಟರ್ ತೆಗೆದಾಗ ಪಿನ್ನುಗಳ ಸುತ್ತಲಿನ ಪ್ಲಾಸ್ಟಿಕ್ ಕಂದಾಗಿದೆಯಾ, ಕರಗಿದೆಯಾ ನೋಡಿ. ಹಾಕುವಾಗ ಕೊಂಡಿ 'ಕ್ಲಿಕ್' ಅನ್ನುವವರೆಗೆ ಒತ್ತಿ.

ಆಮೇಲೆ ಯುಪಿಎಸ್. 600 ವಿಎ ಅಂತ ಬರೆದಿರುವ ಚಿಕ್ಕ ಯುಪಿಎಸ್‌ಗಳು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಅಷ್ಟೇ. ವಿಎ ಬೇರೆ, ವ್ಯಾಟ್ ಬೇರೆ. ಇಂಥ ಪಿಸಿಗೆ ಅದು ಸಾಲುವುದಿಲ್ಲ. ನಾನು ಅದನ್ನು ಪೂರ್ತಿ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ನಿಮ್ಮಲ್ಲಿ ಬದಲಾದರೂ ಬದಲಾಗಬಹುದು, ಇದೊಂದು ನಿಮಿಷದ ಕೆಲಸ.

ಕೊನೆಗೆ ಆ ತಮ್ಮನೇ ತನ್ನ ಪಿಸಿಯ 850 ವ್ಯಾಟ್ ಎಸ್‌ಎಂಪಿಎಸ್ ಬಿಚ್ಚಿ ತಂದುಕೊಟ್ಟ. ನಾನು ಸುಮ್ನೆ ಡಬ್ಬ ಬದಲಾಯಿಸಿ, ಒಳಗೆ ಎಳೆದಿರುವ ನನ್ನ ಕೇಬಲ್‌ಗಳನ್ನೇ ಅದಕ್ಕೆ ಚುಚ್ಚೋಣ ಅಂದುಕೊಂಡಿದ್ದೆ. ಅವನು ಕೈ ಹಿಡಿದ. ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ: ಮಾಡ್ಯುಲರ್ (ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ಹಾಕಬಾರದು. ಕಾರ್ಡ್, ಮದರ್‌ಬೋರ್ಡ್ ಕಡೆಯ ತುದಿಗೆ ನಿಯಮ ಇದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಪ್ಲಗ್ ಸರಿಯಾಗಿ ಕೂರುತ್ತದೆ, ಆದರೆ ಒಳಗಿನ ತಂತಿ ಅದಲುಬದಲು ಇರಬಹುದು. 5 ವೋಲ್ಟ್ ಹೋಗುವ ಕಡೆ 12 ವೋಲ್ಟ್ ಹೋಗಿ ಹಾರ್ಡ್‌ಡಿಸ್ಕ್ ಸುಟ್ಟವರಿದ್ದಾರೆ. ಒಂದೇ ಕಂಪನಿಯ ಬೇರೆ ಮಾಡೆಲ್ ಆದರೂ ನಂಬಬೇಡಿ. ಇನ್ನೊಂದು, ಎಸ್‌ಎಂಪಿಎಸ್‌ನ ಡಬ್ಬವನ್ನೇ ಬಿಚ್ಚಲು ಹೋಗಬೇಡಿ. ಕರೆಂಟ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ತಮ್ಮನ ಎಸ್‌ಎಂಪಿಎಸ್ ಅವನ ಕೇಬಲ್‌ಗಳೊಂದಿಗೇ ಕೂತಿತು. ಪವರ್ ಲಿಮಿಟ್ 100, ಎಲ್ಲ ಸೆಟ್ಟಿಂಗ್ ಅಲ್ಟ್ರಾ. ಶನಿವಾರ ರಾತ್ರಿಯಿಂದ ಭಾನುವಾರ ರಾತ್ರಿವರೆಗೆ ಆಡಿದ್ದೇ ಆಡಿದ್ದು. ಒಂದು ಸಲವೂ ಆಫ್ ಆಗಲಿಲ್ಲ.

ಇನ್ನು ವಾರಂಟಿ. ಎಸ್‌ಎಂಪಿಎಸ್‌ಗಳಿಗೆ 5, 7, 10 ವರ್ಷದ ವಾರಂಟಿ ಸಾಮಾನ್ಯ, ಎಷ್ಟೋ ಜನ ಅದನ್ನು ಮರೆತು ಹೊಸದು ಕೊಳ್ಳುತ್ತಾರೆ. ನನ್ನದಕ್ಕೆ ಇನ್ನೂ ಅವಧಿ ಇತ್ತು. ಬಿಲ್ ತೆಗೆದರೆ ಅದು ಥರ್ಮಲ್ ಕಾಗದದ್ದು, ಅಕ್ಷರವೆಲ್ಲ ಮಾಸಿ ಬೆಳ್ಳಗೆ ಕೂತಿತ್ತು. ತಾರೀಖು ಕಾಣದ ಬಿಲ್ ಒಪ್ಪುವುದಿಲ್ಲ ಅಂದರು. ಅಂಗಡಿಯವರ ಕಂಪ್ಯೂಟರ್‌ನಲ್ಲಿ ಹಳೆ ಲೆಕ್ಕ ಇತ್ತು, ಎರಡನೇ ಪ್ರತಿ ತೆಗೆಸಲು ಸಾಧ್ಯವಾಯಿತು. ಕೊಂಡ ದಿನವೇ ಬಿಲ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಸೀರಿಯಲ್ ನಂಬರ್‌ನದ್ದೂ ತೆಗೆದಿಡಿ. ನನ್ನದರ ಸ್ಟಿಕ್ಕರ್ ಕ್ಯಾಬಿನೆಟ್ ಗೋಡೆಗೆ ಅಂಟಿಕೊಂಡ ಮಗ್ಗುಲಲ್ಲಿತ್ತು, ಬಿಚ್ಚದೆ ಓದಲು ಸಾಧ್ಯವೇ ಇರಲಿಲ್ಲ.

ಕಳಿಸಿ ಕಾದೆ. ಕಾಯುವಾಗ ಪಿಸಿಯೇ ಇಲ್ಲ, ತಮ್ಮನದ್ದನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ವಾಪಸ್ ಕೊಟ್ಟಿದ್ದೆ. ವಾರಗಳಾದ ಮೇಲೆ ಅದೇ ಎಸ್‌ಎಂಪಿಎಸ್ ಒಂದು ಚೀಟಿಯೊಂದಿಗೆ ವಾಪಸ್ ಬಂತು: ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ. ಫೋನ್ ಮಾಡಿದೆ. ಹೇಗೆ ಪರೀಕ್ಷಿಸಿದಿರಿ ಅಂದರೆ, "ಟೆಸ್ಟರ್‌ಗೆ ಹಾಕಿದ್ವಿ ಸರ್, ಎಲ್ಲ ವೋಲ್ಟೇಜ್ ಓಕೆ ಇದೆ" ಅಂದರು. ಅಂಗೈಯಗಲದ ಆ ಟೆಸ್ಟರ್ ಹಾಕುವ ಭಾರ ಯಾವ ಲೆಕ್ಕಕ್ಕೂ ಇಲ್ಲ. ಅದರಲ್ಲಿ ಪಾಸಾಗದಿರಲು ಎಸ್‌ಎಂಪಿಎಸ್ ಪೂರ್ತಿ ಸತ್ತಿರಬೇಕು.

ಎರಡನೇ ಸಲ ಸಿದ್ಧವಾಗಿ ಹೋದೆ. ಮೊಬೈಲನ್ನು ಸ್ಟ್ಯಾಂಡ್ ಮೇಲಿಟ್ಟು ಒಂದೇ ವಿಡಿಯೊದಲ್ಲಿ ಎಲ್ಲ ಬರುವ ಹಾಗೆ ಹಿಡಿದೆ: ಎಸ್‌ಎಂಪಿಎಸ್‌ನ ಸೀರಿಯಲ್ ನಂಬರ್, ಗೋಡೆ ಸಾಕೆಟ್, ಒಸಿಸಿಟಿ ಶುರು, 'ಟಕ್', ಸ್ವಿಚ್ ಮುಟ್ಟದೆ ಏಳದಿರುವುದು. ನನ್ನ ಹಾಳೆಯ ಲೆಕ್ಕ, 41ರ ಸ್ಕ್ರೀನ್‌ಶಾಟ್, ಬೇರೆ ಎಸ್‌ಎಂಪಿಎಸ್‌ನಲ್ಲಿ ಸರಿ ಇತ್ತು ಅನ್ನುವ ಮಾತು ಎಲ್ಲ ಸೇರಿಸಿ ಒಂದೇ ಮೇಲ್‌ನಲ್ಲಿ ಕಳಿಸಿದೆ. ಸಿಟ್ಟಿನ ಒಂದು ಪದವೂ ಇಲ್ಲ, ಅದಕ್ಕೆ ಸ್ವಲ್ಪ ತಾಳ್ಮೆ ಬೇಕಾಯಿತು. ಈ ಸಲ ಮರುಮಾತಿಲ್ಲದೆ ಹೊಸದು ಕೊಟ್ಟರು. ಕೊರಿಯರ್ ಖರ್ಚು ಎರಡೂ ಸಲ ನನ್ನ ತಲೆಗೇ ಬಂತು. ಬಂದದ್ದು ಬೇರೆ ಮಾಡೆಲ್, ಹಾಗಾಗಿ ಕ್ಯಾಬಿನೆಟ್ ಒಳಗೆ ಎಳೆದಿದ್ದ ಕೇಬಲ್‌ಗಳನ್ನೆಲ್ಲ ಕಿತ್ತು ಹೊಸದನ್ನೇ ಎಳೆಯಬೇಕಾಯಿತು. ಅರ್ಧ ದಿನದ ಕೆಲಸ, ಬೆರಳ ತುದಿಯೆಲ್ಲ ಗೀರು.

'ಟಕ್' ನಿಂತೇ ಹೋಯಿತು. ಖುಷಿಯಲ್ಲಿ ಇಷ್ಟು ದಿನ ಮುಟ್ಟದ ಒಂದು ಸೆಟ್ಟಿಂಗ್ ಕಡೆ ಕಣ್ಣು ಹೋಯಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ರ‍್ಯಾಮ್ ವೇಗ 2133 ಅಂತ ತೋರಿಸುತ್ತಿತ್ತು. ನನ್ನದು 3600ರ ರ‍್ಯಾಮ್. ಬಯಾಸ್‌ನಲ್ಲಿ ರ‍್ಯಾಮನ್ನು ಆ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿದೆ. ಅವತ್ತೇ ಸಂಜೆ ಗೇಮ್ ಮುಚ್ಚಿಕೊಂಡು ಡೆಸ್ಕ್‌ಟಾಪ್.

ಆಗ ಎಲ್ಲ ಜೋಡಿಸಿಕೊಂಡಿತು. ಬಯಾಸ್ ಅಪ್‌ಡೇಟ್ ಆದಾಗ ಅದರೊಳಗಿನ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಹೋಗುತ್ತವೆ, ಎಕ್ಸ್‌ಎಂಪಿಯೂ ಆಫ್ ಆಗುತ್ತದೆ. ಮೆಮ್‌ಟೆಸ್ಟ್ ಹಸಿರು ತೋರಿಸಿದ್ದು ನಿಧಾನದ 2133ಕ್ಕೆ. ನಾನು ಆಡುತ್ತಿದ್ದ 3600ಕ್ಕಲ್ಲ. ಎಕ್ಸ್‌ಎಂಪಿ ಅಂದರೆ ಕಂಪನಿಯೇ ಬರೆದಿಟ್ಟ ಓವರ್‌ಕ್ಲಾಕ್. ಡಬ್ಬದ ಮೇಲೆ ಬರೆದ ವೇಗ ಪ್ರತಿ ಮದರ್‌ಬೋರ್ಡ್, ಪ್ರತಿ ಪ್ರೊಸೆಸರ್ ಜೊತೆ ನಡೆಯಲೇಬೇಕು ಅಂತಿಲ್ಲ. ಎಕ್ಸ್‌ಎಂಪಿ ಆನ್ ಇಟ್ಟು ಮೆಮ್‌ಟೆಸ್ಟ್ ಓಡಿಸಿದರೆ ಮೊದಲ ಸುತ್ತಲ್ಲೇ ಕೆಂಪು ಸಾಲುಗಳು. ರ‍್ಯಾಮ್ ಪರೀಕ್ಷೆಯಲ್ಲಿ 'ಒಂದೆರಡು ಎರರ್ ಪರವಾಗಿಲ್ಲ' ಅನ್ನುವ ಮಾತಿಲ್ಲ, ಇರಬೇಕಾದ್ದು ಸೊನ್ನೆ. ಒಂದೊಂದೇ ಸ್ಟಿಕ್ ಇಟ್ಟು ಅದೇ ಸ್ಲಾಟ್‌ನಲ್ಲಿ ನೋಡಿದೆ. ಒಂದು 3600ಕ್ಕೂ ಸರಿ, ಇನ್ನೊಂದು ಅಲ್ಲ. ಎರಡನ್ನೂ ಹಾಕಿ ವೇಗ 3200ಕ್ಕೆ ಇಳಿಸಿದರೆ ಎರರ್ ಇಲ್ಲ, ಗೇಮ್ ಮುಚ್ಚಿಕೊಳ್ಳುವುದೂ ಇಲ್ಲ.

ಗೇಮ್ ಮಾತ್ರ ಮುಚ್ಚಿಕೊಳ್ಳುತ್ತಿದೆ, ರ‍್ಯಾಮ್ ಸರಿ ಇದೆ ಅನ್ನುವವರಿಗೆ ಇನ್ನೊಂದು ವಿಷಯ. ಇಂಟೆಲ್‌ನ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದು, ಶೇಡರ್ ಕಂಪೈಲ್ ಆಗುವಾಗ (ಗೇಮ್ ತನ್ನ ಗ್ರಾಫಿಕ್ಸ್ ಪ್ರೋಗ್ರಾಂಗಳನ್ನು ಕಾರ್ಡ್‌ಗೆ ಸಿದ್ಧಮಾಡಿಕೊಳ್ಳುವಾಗ) ವಿಡಿಯೊ ಮೆಮೊರಿ ಸಾಲದು ಅನ್ನುವ ಎರರ್ ಬಂದರೆ ಕಾರ್ಡ್ ಮೇಲೆ ಅನುಮಾನ ಪಡುವ ಮುಂಚೆ ಬಯಾಸ್‌ಗೆ ಅಪ್‌ಡೇಟ್ ಇದೆಯಾ ನೋಡಿ. ಆ ಪ್ರೊಸೆಸರ್‌ಗಳಲ್ಲಿ ಹಲವುಗಳ ಅಸ್ಥಿರತೆಯನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ಪ್ರೋಗ್ರಾಂ) ಅಪ್‌ಡೇಟ್ ಬಿಡುಗಡೆ ಮಾಡಿ, ವಾರಂಟಿಯನ್ನೂ 2 ವರ್ಷ ಜಾಸ್ತಿ ಮಾಡಿದೆ. ನನ್ನದು ಬೇರೆ ಪ್ರೊಸೆಸರ್, ಹಾಗಾಗಿ ಆ ಕಡೆ ಹೋಗಲಿಲ್ಲ. ಲಾಗ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ 18 ಅಂತ ಕಂಡರೂ ಅಷ್ಟೇ, ಅದು ಗೇಮ್‌ನ ತಪ್ಪಲ್ಲ, ಹಾರ್ಡ್‌ವೇರ್‌ನದ್ದು. ಹೆಚ್ಚಾಗಿ ಪ್ರೊಸೆಸರ್ ಅಥವಾ ಅದಕ್ಕೆ ಕೊಟ್ಟ ಸೆಟ್ಟಿಂಗ್‌ಗಳ ಕಡೆ ನೋಡಬೇಕು.

ಈಗ ಉಳಿದಿರುವುದು ಆ ಒಂದು ರ‍್ಯಾಮ್ ಸ್ಟಿಕ್. ಅದಕ್ಕೂ ವಾರಂಟಿ ಇದೆ, ಆದರೆ ಕಿಟ್ ಆಗಿ ಕೊಂಡದ್ದರಿಂದ ಎರಡೂ ಸ್ಟಿಕ್ ಒಟ್ಟಿಗೆ ಕಳಿಸಬೇಕಂತೆ. ಅಂದರೆ ಮತ್ತೆ ವಾರಗಟ್ಟಲೆ ಪಿಸಿ ಇಲ್ಲ. 3600ಕ್ಕೂ 3200ಕ್ಕೂ ಗೇಮ್‌ನಲ್ಲಿ ನನ್ನ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇಲ್ಲ. ಅರ್ಧಕ್ಕೆ ನಿಂತ ಆ ಗೇಮ್ ಮುಗಿಸಿಕೊಂಡು ಆಮೇಲೆ ಕಳಿಸುವುದು ಅಂತ ಇಟ್ಟಿದ್ದೇನೆ. ಈ ಸಲ ಬಿಲ್‌ನ ಫೋಟೊ ಇದೆ.